ಬ್ಯಾಡ್ಜಿಗೆ ಬಿದ್ದ ಹನ್ನೆರಡು ಮಿಲಿಸೀವರ್ಟ್

ಕ್ಯಾತ್ ಲ್ಯಾಬಿನಲ್ಲಿ, ಅಂದರೆ ಎಕ್ಸ್-ರೇ ಚಿತ್ರ ನೋಡುತ್ತ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ಕೆಲಸ ಮಾಡುವವರ ಎದೆಯ ಮೇಲಿನ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ರೋಗಿಗಳ ಕಡೆಯವರು ಒಂದು ಬಗೆಯ ತಾಯತ ಎಂದುಕೊಳ್ಳುತ್ತಾರೆ. "ಇದನ್ನು ಹಾಕಿಕೊಂಡರೆ ನಿಮಗೆ ಕಿರಣ ತಾಗುವುದಿಲ್ಲವೇ ಸರ್?" ಎಂದು ಕೇಳಿದವರು ಎಷ್ಟೋ ಮಂದಿ. ಹೊಸದಾಗಿ ಸೇರುವ ನರ್ಸಿಂಗ್ ಸಿಬ್ಬಂದಿಯಲ್ಲೂ ಕೆಲವರು ಹಾಗೆಯೇ ನಂಬಿರುತ್ತಾರೆ. ಆ ಡಬ್ಬಿ ಏನನ್ನೂ ತಡೆಯುವುದಿಲ್ಲ. ಎಷ್ಟು ಬಿತ್ತು ಎಂಬುದನ್ನು ತಿಂಗಳುಗಳು ಕಳೆದ ಮೇಲೆ ತಿಳಿಸುತ್ತದೆ, ಅಷ್ಟೆ. ಅದೂ ತನ್ನ ಮೇಲೆ ಬಿದ್ದದ್ದನ್ನು ಮಾತ್ರ. ಅದರ ಲೆಕ್ಕವೂ ಅದನ್ನು ಧರಿಸಬೇಕಾದ ಮನುಷ್ಯರ ಲೆಕ್ಕವೂ ಎಷ್ಟು ದೂರ ಹೋಗಿ ನಿಲ್ಲಬಹುದು ಎಂಬುದು ನಮ್ಮ ಹಿರಿಯ ಸಿಸ್ಟರ್ ಒಬ್ಬರ ಹೆಸರಿನ ಎದುರು 12.4 ಮಿಲಿಸೀವರ್ಟ್ (ಮೈಗೆ ಬಿದ್ದ ವಿಕಿರಣದ ಅಳತೆ) ಎಂಬ ಅಂಕಿ ಬಂದಾಗ ನನಗೆ ಅರ್ಥವಾಯಿತು.

ನಾನು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಕ್ಯಾತ್ ಲ್ಯಾಬ್ ತಂತ್ರಜ್ಞ. ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿ, ಆಗೊಮ್ಮೆ ಈಗೊಮ್ಮೆ ಪೇಸ್‌ಮೇಕರ್ ಅಳವಡಿಕೆ ನಮ್ಮ ನಿತ್ಯದ ಕೆಲಸ. ಎದೆಯ ಎಕ್ಸ್-ರೇ ತೆಗೆಯುವಾಗ ತಂತ್ರಜ್ಞ ಗೋಡೆಯ ಆಚೆ ನಿಂತು ಗುಂಡಿ ಒತ್ತುತ್ತಾನೆ, ಕ್ಷಣದಲ್ಲಿ ಮುಗಿಯುತ್ತದೆ. ಕ್ಯಾತ್ ಲ್ಯಾಬಿನಲ್ಲಿ ಆ ಅನುಕೂಲವಿಲ್ಲ. ವೈದ್ಯರು ಕಾಲಿನಿಂದ ಪೆಡಲ್ ಒತ್ತಿ, ಪರದೆಯಲ್ಲಿ ಓಡುವ ಚಿತ್ರ ನೋಡುತ್ತ, ತಂತಿಯನ್ನು ರಕ್ತನಾಳದೊಳಗೆ ಸರಿಸುತ್ತ ಹೋಗುತ್ತಾರೆ. ಅವರ ಪಕ್ಕದಲ್ಲಿ ಸ್ಕ್ರಬ್ ಸಿಸ್ಟರ್, ರೋಗಿಯ ತಲೆಯ ಬಳಿ ಇನ್ನೊಬ್ಬರು, ಹಿಂದೆ ಮುಂದೆ ನಾನು. ಎಲ್ಲರೂ ಕಿರಣ ಹೊರಟಿರುವ ಕೋಣೆಯೊಳಗೇ ಇರುತ್ತೇವೆ. ನಮ್ಮ ಮೇಲೆ ಬೀಳುವುದು ಟ್ಯೂಬಿನಿಂದ ನೇರವಾಗಿ ಬಂದ ಕಿರಣವಲ್ಲ, ರೋಗಿಯ ದೇಹಕ್ಕೆ ಬಡಿದು ಚದುರಿದ ಕಿರಣ. ಒಂದು ಮೀಟರ್ ದೂರದಲ್ಲಿ ಅದು ರೋಗಿಯ ಮೇಲೆ ಬಿದ್ದದ್ದರ ಸುಮಾರು ಸಾವಿರದ ಒಂದು ಪಾಲು. ಕಡಿಮೆಯೇ, ಆದರೆ ರೋಗಿ ಮಲಗುವುದು ಒಂದು ದಿನ. ನಾವು ನಿಲ್ಲುವುದು ವರ್ಷಗಟ್ಟಲೆ.

ಆ ಡಬ್ಬಿಯನ್ನು ಟಿಎಲ್‌ಡಿ ಬ್ಯಾಡ್ಜ್ ಎನ್ನುತ್ತೇವೆ. ಒಳಗೆ ಒಂದು ಲೋಹದ ಕಾರ್ಡು, ಅದರಲ್ಲಿ ಮೂರು ಬಿಳಿ ಬಿಲ್ಲೆಗಳು. ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನಿನೊಂದಿಗೆ ಸೇರಿಸಿ ಮಾಡಿದವು. ಒಂದು ಬಿಲ್ಲೆಯ ಮೇಲೆ ಲೋಹದ ಫಿಲ್ಟರ್, ಇನ್ನೊಂದರ ಮೇಲೆ ಪ್ಲಾಸ್ಟಿಕ್ಕಿನದು, ಮೂರನೆಯದಕ್ಕೆ ಬರೀ ತೆರೆದ ಕಿಟಕಿ. ಮೂರರಲ್ಲಿ ದಾಖಲಾದದ್ದನ್ನು ಹೋಲಿಸಿದರೆ ಬಿದ್ದದ್ದು ಯಾವ ಬಗೆಯ ವಿಕಿರಣ ಎಂಬ ಅಂದಾಜು ಸಿಗುತ್ತದೆ. ವಿಕಿರಣ ಬಿದ್ದಾಗ ಆ ಶಕ್ತಿಯ ಒಂದಂಶವನ್ನು ಬಿಲ್ಲೆ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಬಿಸಿ ನೈಟ್ರೋಜನ್ ಅನಿಲ ಹಾಯಿಸಿ ಕಾಯಿಸಿದಾಗ ಅದನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಆ ಬೆಳಕನ್ನು ಅಳೆದು ಮಿಲಿಸೀವರ್ಟ್‌ಗಳಲ್ಲಿ ವರದಿ ಮಾಡುತ್ತಾರೆ. ಒಮ್ಮೆ ಕಾಯಿಸಿದ ಮೇಲೆ ಒಳಗಿದ್ದದ್ದು ಖಾಲಿ. ಅದೇ ಕಾರ್ಡು ಮುಂದೆ ಇನ್ಯಾರದೋ ಎದೆಗೆ ಹೋಗುತ್ತದೆ. ಸಿಸ್ಟರ್ ಪ್ರಕರಣದಲ್ಲಿ ಈ ವಿಷಯ ತೊಡಕಾಯಿತು. "ಇನ್ನೊಮ್ಮೆ ಪರೀಕ್ಷೆ ಮಾಡಿಸಿ" ಎಂದು ಆಡಳಿತ ಕಚೇರಿಯವರು ಸಲೀಸಾಗಿ ಹೇಳಿದರು. ಮತ್ತೆ ಓದಲು ಅದರಲ್ಲಿ ಏನೂ ಉಳಿದಿರಲಿಲ್ಲ.

ನಮ್ಮಂಥ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಕಾರ್ಡು ಬದಲಾಗುತ್ತದೆ. ಹೊಸ ಕಾರ್ಡುಗಳ ಕಟ್ಟು ಅಂಚೆಯಲ್ಲಿ ಬರುತ್ತದೆ, ಹಳೆಯವು ವಾಪಸು ಹೋಗುತ್ತವೆ, ಡಬ್ಬಿ ನಮ್ಮಲ್ಲೇ ಇರುತ್ತದೆ. ಜೊತೆಗೊಂದು ಕಂಟ್ರೋಲ್ ಬ್ಯಾಡ್ಜ್ ಇರುತ್ತದೆ. ಅದನ್ನು ಯಾರೂ ಹಾಕಿಕೊಳ್ಳುವಂತಿಲ್ಲ, ಎಕ್ಸ್-ರೇ ಸುಳಿಯದ ಕೋಣೆಯಲ್ಲಿಡಬೇಕು. ನೆಲ, ಗೋಡೆ, ಆಕಾಶದಿಂದ ಎಲ್ಲರ ಮೇಲೂ ಬೀಳುವ ಸಹಜ ವಿಕಿರಣವನ್ನೂ ಸಾಗಾಟದಲ್ಲಿ ಬಿದ್ದದ್ದನ್ನೂ ಕಳೆಯಲು ಅದು ಬೇಕು. ಪ್ರತಿ ಕೆಲಸಗಾರನಿಗೂ ಒಂದು ವೈಯಕ್ತಿಕ ಸಂಖ್ಯೆ ಇದೆ. ಆಸ್ಪತ್ರೆ ಬದಲಾದರೂ ಅದು ಬದಲಾಗಬಾರದು, ಏಕೆಂದರೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ರಾಷ್ಟ್ರೀಯ ದಾಖಲೆಯಲ್ಲಿ ನಮ್ಮ ಜೀವಮಾನದ ಮೊತ್ತ ಅದೇ ಸಂಖ್ಯೆಯಡಿ ಕೂಡುತ್ತ ಹೋಗುತ್ತದೆ. ಕೆಲಸ ಬಿಡುವವರಿಗೆ ಅನುಭವ ಪತ್ರ ಕೇಳುವುದು ನೆನಪಿರುತ್ತದೆ, ಈ ಸಂಖ್ಯೆ ಬರೆದುಕೊಂಡು ಹೋಗುವುದು ನೆನಪಿರುವುದಿಲ್ಲ. ಹೊಸ ಜಾಗದಲ್ಲಿ ಹೊಸ ಸಂಖ್ಯೆ ಕೊಟ್ಟುಬಿಟ್ಟರೆ ಹಳೆಯ ವರ್ಷಗಳು ಬೇರೊಬ್ಬರವಾಗಿ ನಿಲ್ಲುತ್ತವೆ.

ವರದಿ ಬಂದಾಗ ಸಾಮಾನ್ಯವಾಗಿ ಯಾರೂ ಅದನ್ನು ಓದುವುದಿಲ್ಲ. ಸೊನ್ನೆ, 0.1, 0.2, ಮತ್ತೆ ಸೊನ್ನೆ. ಕಡತಕ್ಕೆ ಸೇರುತ್ತದೆ. ಆ ಸಲ ವರದಿ ತಲುಪುವ ಮೊದಲೇ ವಿಚಾರಣೆ ಕೇಳಿ ಸೂಚನೆ ಬಂತು. ನಮ್ಮ ದೇಶದಲ್ಲಿ ವಿಕಿರಣ ಕೆಲಸಗಾರರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ಅಂತರರಾಷ್ಟ್ರೀಯ ಶಿಫಾರಸು ಒಂದು ವರ್ಷಕ್ಕೆ 50ರವರೆಗೂ ಬಿಡುತ್ತದೆ, ನಮ್ಮದು ಅದಕ್ಕಿಂತ ಬಿಗಿ. ಒಂದೇ ಅವಧಿಯಲ್ಲಿ 10 ದಾಟಿದರೆ ಆಸ್ಪತ್ರೆ ಕಾರಣ ಹುಡುಕಿ ಉತ್ತರ ಕೊಡಬೇಕು. ಸಿಸ್ಟರ್ ಹೆಸರಿನ ಎದುರು 12.4 ಇತ್ತು.

ಆಡಳಿತದವರು ಮಾಡಿದ ಮೊದಲ ಕೆಲಸವೆಂದರೆ ಅವರನ್ನು ಹೊರರೋಗಿ ವಿಭಾಗಕ್ಕೆ ಕಳುಹಿಸಿದ್ದು. ವಿಚಾರಣೆ ಮುಗಿಯುವವರೆಗೆ ವಿಕಿರಣದಿಂದ ದೂರವಿಡುವುದು ಸರಿಯೇ. ಆದರೆ ಯಾರೂ ಕೂತು ವಿವರಿಸದೆ, ಸೂಚನಾ ಫಲಕದಲ್ಲಿ ಹೆಸರು ಅಂಟಿಸಿ ಕಳುಹಿಸಿದ ರೀತಿಯಲ್ಲಿ ಶಿಕ್ಷೆಯ ವಾಸನೆ ಇತ್ತು. ಸಂಜೆಯ ಹೊತ್ತಿಗೆ "ಸಿಸ್ಟರಿಗೆ ರೇಡಿಯೇಷನ್ ಜಾಸ್ತಿ ಆಗಿದೆಯಂತೆ" ಎಂಬ ಸುದ್ದಿ ಕ್ಯಾಂಟೀನಿನವರೆಗೂ ಹೋಗಿತ್ತು. ಊಟದ ಮೇಜಿನಲ್ಲಿ ಅವರಿಂದ ಒಂದು ಕುರ್ಚಿ ಬಿಟ್ಟು ಕೂತವರೂ ಇದ್ದರು, ಎಕ್ಸ್-ರೇ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂಬಂತೆ. ಪೆಡಲಿನಿಂದ ಕಾಲು ತೆಗೆದ ಕ್ಷಣವೇ ಎಕ್ಸ್-ರೇ ಇಲ್ಲ. ಕೋಣೆಯಲ್ಲೂ ಉಳಿಯುವುದಿಲ್ಲ, ಮೈಯಲ್ಲೂ ಉಳಿಯುವುದಿಲ್ಲ. ಆಸ್ಪತ್ರೆಯ ಸಿಬ್ಬಂದಿಗೇ ಇದು ಗೊತ್ತಿಲ್ಲದಿದ್ದರೆ ಹೊರಗಿನವರನ್ನು ದೂರಿ ಏನು ಪ್ರಯೋಜನ?

ನಮ್ಮ ವಿಕಿರಣ ಸುರಕ್ಷತಾಧಿಕಾರಿ ರೇಡಿಯಾಲಜಿ ವಿಭಾಗದ ಮೇಡಂ. ಮಾತು ಕಡಿಮೆ, ಕಾಗದ ಹೆಚ್ಚು. ಅವರು ಸಿಸ್ಟರನ್ನು ಕರೆಸಿ ಕೂರಿಸಿಕೊಂಡರು. ರೋಸ್ಟರ್ ಪುಸ್ತಕದ ಜೊತೆ ನಾನೂ ಇದ್ದೆ.

"ಮೇಡಂ, ನನಗೆ ಕ್ಯಾನ್ಸರ್ ಆಗುತ್ತದೆಯೇ? ನೇರವಾಗಿ ಹೇಳಿಬಿಡಿ. ಮಗಳಿಗೆ ಇನ್ನೂ ತಿಳಿಸಿಲ್ಲ" ಎಂದರು ಸಿಸ್ಟರ್.

ಮೇಡಂ ಸಮಾಧಾನದ ಮಾತಿನಿಂದ ಶುರು ಮಾಡಲಿಲ್ಲ, ಲೆಕ್ಕದಿಂದ ಶುರು ಮಾಡಿದರು. ಭೂಮಿಯ ಮೇಲೆ ಯಾವ ಕೆಲಸವನ್ನೂ ಮಾಡದೆ ಮನೆಯಲ್ಲಿ ಕೂತವರಿಗೂ ಪ್ರಕೃತಿಯಿಂದ ಬರುವ ಪ್ರಮಾಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಈ ಬ್ಯಾಡ್ಜಿನಲ್ಲಿರುವುದು ನಿಮ್ಮ ಮೈಗೇ ಬಿದ್ದದ್ದು ಎಂದು ಒಪ್ಪಿದರೂ ಅದು ಅಂಥ ಐದು ವರ್ಷಗಳ ಪಾಲು, ವರ್ಷದ ಮಿತಿಯ ಒಳಗೇ ಇದೆ. ಅಪಾಯ ಪೂರ್ತಿ ಇಲ್ಲ ಎಂದು ಹೇಳುವುದಿಲ್ಲ, ಕಡಿಮೆ ಎಂದು ಹೇಳುತ್ತೇನೆ. "ಆದರೆ ಇದು ನಿಮ್ಮ ಮೈಗೆ ಬಿದ್ದದ್ದೇ ಎಂಬುದು ನನ್ನ ಪ್ರಶ್ನೆ" ಎಂದರು.

ರಕ್ತ ಪರೀಕ್ಷೆ ಮಾಡಿಸಬಹುದೇ ಎಂದು ಸಿಸ್ಟರ್ ಕೇಳಿದರು. ಅಂಥ ಪರೀಕ್ಷೆ ಇದೆ. ರಕ್ತದ ಲಿಂಫೋಸೈಟ್ ಕಣಗಳನ್ನು ಬೆಳೆಸಿ, ಮುರಿದು ತಪ್ಪಾಗಿ ಕೂಡಿಕೊಂಡ ವರ್ಣತಂತುಗಳನ್ನು ಎಣಿಸುತ್ತಾರೆ. ಆದರೆ ಆ ಎಣಿಕೆಗೆ ಸಿಗಬೇಕಾದರೆ ಪ್ರಮಾಣ ಸುಮಾರು 100 ಮಿಲಿಗ್ರೇ (ಎಕ್ಸ್-ರೇ ಮಟ್ಟಿಗೆ ಅಷ್ಟೇ ಮಿಲಿಸೀವರ್ಟ್ ಎನ್ನಬಹುದು) ಆದರೂ ಇರಬೇಕು. ಹನ್ನೆರಡು ಅದರ ಕಣ್ಣಿಗೇ ಬೀಳುವುದಿಲ್ಲ. ಉತ್ತರ ಬೇಕೆಂದರೆ ರಕ್ತವನ್ನು ಬಿಟ್ಟು ಬ್ಯಾಡ್ಜಿನ ಜಾಡು ಹಿಡಿಯಬೇಕಿತ್ತು.

ರೋಸ್ಟರ್ ತೆರೆದಾಗಲೇ ಎಳೆ ಸಿಕ್ಕಿತು. ಆ ಮೂರು ತಿಂಗಳಲ್ಲಿ ಒಂದಷ್ಟು ಕಾಲ ಸಿಸ್ಟರ್ ಮಗಳ ಬಾಣಂತನಕ್ಕೆಂದು ರಜೆಯಲ್ಲಿದ್ದರು. ಬಂದ ಮೇಲೆ ಹೆಚ್ಚಿನ ದಿನ ಅವರನ್ನು ತೀವ್ರ ನಿಗಾ ಘಟಕಕ್ಕೆ ಹಾಕಿದ್ದರು. ಕ್ಯಾತ್ ಲ್ಯಾಬಿನಲ್ಲಿ ಅವರು ನಿಂತದ್ದು ಬೆರಳೆಣಿಕೆಯ ದಿನ. ಅವರ ಜಾಗದಲ್ಲಿ ದಿನವೂ ನಿಂತ ಕಿರಿಯ ಸಿಸ್ಟರ್ ಬ್ಯಾಡ್ಜಿನಲ್ಲಿ ಇದ್ದದ್ದು 0.2. ಹಾಗಾದರೆ ಹಿರಿಯ ಸಿಸ್ಟರ್ ಬ್ಯಾಡ್ಜ್ ಎಲ್ಲಿತ್ತು? ಅವರ ಸೀಸದ ಏಪ್ರನ್ನಿನ ಎದೆಯ ಜೇಬಿನಲ್ಲಿತ್ತು. ಏಪ್ರನ್ ಎಲ್ಲಿತ್ತು? ಕ್ಯಾತ್ ಲ್ಯಾಬಿನ ಒಳಗೇ, ಗೋಡೆಯ ಪಕ್ಕದ ಸ್ಟ್ಯಾಂಡಿನಲ್ಲಿ. ಅವಧಿಯ ಆರಂಭದಲ್ಲಿ ನಮ್ಮ ಅಟೆಂಡರ್ ಶ್ರದ್ಧೆಯಿಂದ ಹಳೆಯ ಕಾರ್ಡು ತೆಗೆದು ಹೊಸದನ್ನು ಹಾಕಿ ಅಲ್ಲೇ ಸಿಕ್ಕಿಸಿದ್ದರು. ಕಳೆದುಹೋಗಬಾರದೆಂಬುದು ಅವರ ಉದ್ದೇಶ. ನಮ್ಮಲ್ಲಿ ಬ್ಯಾಡ್ಜನ್ನು ಎದೆಯ ಮಟ್ಟದಲ್ಲಿ, ಏಪ್ರನ್ನಿನ ಒಳಗೆ ಹಾಕಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಕೋಣೆಯಿಂದ ಹೊರಗಿಡಬೇಕು. ಈ ಬ್ಯಾಡ್ಜಿನ ವಿಷಯದಲ್ಲಿ ಎರಡೂ ನಡೆದಿರಲಿಲ್ಲ.

ಕಥೆ ಒಪ್ಪುವಂತಿದೆ, ಸಾಕ್ಷ್ಯ ಬೇಕು ಎಂದರು ಮೇಡಂ. ಒಂದು ಭಾನುವಾರ ಕೋಣೆ ಖಾಲಿ ಇದ್ದಾಗ ಅಳತೆಗೆ ಇಳಿದೆವು. ರೋಗಿಯ ಬದಲು ಮೇಜಿನ ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಒತ್ತೊತ್ತಾಗಿ ಮಲಗಿಸಿದೆವು. ಎಕ್ಸ್-ರೇಗೆ ಮನುಷ್ಯನೂ ಹೆಚ್ಚುಕಡಿಮೆ ನೀರೇ. ಏಪ್ರನ್ ತೊಟ್ಟು ನಾನು ಪೆಡಲ್ ಒತ್ತುತ್ತಿದ್ದೆ, ಮೇಡಂ ಸರ್ವೇ ಮೀಟರನ್ನು ಕೋಲಿಗೆ ಕಟ್ಟಿ ಬೇಕಾದ ಜಾಗಕ್ಕೆ ಚಾಚಿ ಓದುತ್ತಿದ್ದರು. ವೈದ್ಯರು ನಿಲ್ಲುವಲ್ಲಿ, ಮರೆ ಇಲ್ಲದೆ, ಫ್ಲೋರೋ, ಅಂದರೆ ಪರದೆಯಲ್ಲಿ ನೋಡುವುದಕ್ಕಷ್ಟೇ ಓಡಿಸುವ ಚಿತ್ರ, ಓಡುವಾಗ ಗಂಟೆಗೆ 1.6 ಮಿಲಿಸೀವರ್ಟ್ ದರ. ಮೇಜಿನಿಂದ ಆ ಜಾಗ ಎಷ್ಟು ದೂರವೋ ಏಪ್ರನ್ ಸ್ಟ್ಯಾಂಡ್ ಅದರ ನಾಲ್ಕು ಪಟ್ಟು ದೂರದಲ್ಲಿತ್ತು. ದೂರ ನಾಲ್ಕು ಪಟ್ಟಾದರೆ ದರ ಹದಿನಾರನೆಯ ಒಂದು ಭಾಗಕ್ಕೆ ಇಳಿಯಬೇಕು. ಮೀಟರ್ ಗಂಟೆಗೆ 0.1 ತೋರಿಸಿತು. ಪುಸ್ತಕದಲ್ಲಿ ಓದಿದ ನಿಯಮ ಮೀಟರಿನ ಮುಳ್ಳಿನಲ್ಲಿ ಹೀಗೆ ಕಂಡಾಗ ಆಗುವ ಖುಷಿಯೇ ಬೇರೆ, ಕಾರಣ ಏನೇ ಇರಲಿ. ಸಿನೆ, ಅಂದರೆ ದಾಖಲಿಸಿ ಇಟ್ಟುಕೊಳ್ಳುವ ಚಿತ್ರ, ಓಡಿಸಿದಾಗ ಎಲ್ಲ ಜಾಗದಲ್ಲೂ ಅಂಕಿ ಸುಮಾರು ಹತ್ತು ಪಟ್ಟು ಏರಿತು.

ಇನ್ನು ಉಳಿದದ್ದು ಗುಣಾಕಾರ. ಪ್ರತಿ ರೋಗಿಗೂ ಪೆಡಲ್ ಎಷ್ಟು ಹೊತ್ತು ಒತ್ತಲಾಗಿದೆ ಎಂಬುದನ್ನು ಯಂತ್ರವೇ ಬರೆದಿಡುತ್ತದೆ. ಆ ಮೂರು ತಿಂಗಳ ಸುಮಾರು ಆರುನೂರು ರೋಗಿಗಳ ಫ್ಲೋರೋ ಸಮಯ ಕೂಡಿದೆವು: ಐವತ್ತೈದು ಗಂಟೆಯ ಆಸುಪಾಸು. ಸಿನೆ ಏಳು ಗಂಟೆ. ಸ್ಟ್ಯಾಂಡಿನ ಬಳಿ ಮೊದಲನೆಯದಕ್ಕೆ ಐದೂವರೆ ಮಿಲಿಸೀವರ್ಟ್, ಎರಡನೆಯದಕ್ಕೆ ಏಳು. ಒಟ್ಟು ಹನ್ನೆರಡೂವರೆ. ನೀರಿನ ಕ್ಯಾನು ಇಟ್ಟು ಅಳೆದ ಲೆಕ್ಕ ಇಷ್ಟು ಹತ್ತಿರ ಬರಬೇಕೆಂದೇನಿಲ್ಲ. ಎಂಟು ಬಂದಿದ್ದರೂ ಹದಿನೈದು ಬಂದಿದ್ದರೂ ನಾವು ಒಪ್ಪುತ್ತಿದ್ದೆವು. ಮೇಡಂ ಮಾತ್ರ ಆ ಹೊಂದಾಣಿಕೆಯನ್ನು ಅನುಮಾನದಿಂದಲೇ ನೋಡಿ ಇನ್ನೊಮ್ಮೆ ಕೂಡಿಸಿದರು.

ರೋಸ್ಟರ್ ಪ್ರತಿ, ಕೋಣೆಯ ನಕ್ಷೆ, ಅಳತೆಯ ಪಟ್ಟಿ, ಸಿಸ್ಟರ್ ಹೇಳಿಕೆ, ಕಿರಿಯ ಸಿಸ್ಟರ್ ಅಂಕಿ ಎಲ್ಲವೂ ಉತ್ತರದ ಜೊತೆ ಹೋದವು. ವ್ಯಕ್ತಿಗೆ ಬಿದ್ದ ಪ್ರಮಾಣ ಇದಲ್ಲ ಎಂದು ಒಪ್ಪಿಗೆ ಬರುವವರೆಗೆ ಸಿಸ್ಟರ್ ಹೊರರೋಗಿ ವಿಭಾಗದಲ್ಲಿ ರಕ್ತದೊತ್ತಡ ನೋಡುತ್ತ ಕೂತರು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅದೇ ವರದಿಯ ಹಳೆಯ ಪ್ರತಿಗಳನ್ನು ಮೇಡಂ ಒಂದರ ಪಕ್ಕ ಒಂದು ಹರಡಿಕೊಂಡಿದ್ದರು. ನಮ್ಮ ಮುಖ್ಯ ಹೃದ್ರೋಗ ತಜ್ಞರ ಹೆಸರಿನ ಎದುರು ವರ್ಷಗಳಿಂದ ಸೊನ್ನೆ. ಮೇಜಿಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವರು ಅವರೇ. "ಈ ಸೊನ್ನೆ ನನಗೆ ಆ ಹನ್ನೆರಡಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ" ಎಂದರು ಮೇಡಂ. ಬ್ಯಾಡ್ಜ್ ಡಾಕ್ಟರ ಸಮಾಲೋಚನಾ ಕೋಣೆಯ ಮೇಜಿನ ಡ್ರಾಯರಿನಲ್ಲಿತ್ತು.

ಇದು ನಮ್ಮ ಡಾಕ್ಟರೊಬ್ಬರ ಸ್ವಭಾವದ ಮಾತಲ್ಲ. ಹೃದ್ರೋಗ ವಿಭಾಗಗಳಲ್ಲಿ ಬ್ಯಾಡ್ಜ್ ಹಾಕಿಕೊಳ್ಳದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಂಕಿ ಏರಿದರೆ ಕೆಲಸದಿಂದ ದೂರ ಇಡುತ್ತಾರೆ ಎಂಬ ಅಂಜಿಕೆ ಅದಕ್ಕೊಂದು ಕಾರಣ. ಸಿಸ್ಟರನ್ನು ನಡೆಸಿಕೊಂಡ ರೀತಿ ನೋಡಿದ ಮೇಲೆ ಆ ಅಂಜಿಕೆಯನ್ನು ಸುಳ್ಳೆನ್ನುವುದು ಹೇಗೆ? ಮೇಡಂ ಡಾಕ್ಟರ ಬಳಿ ಹೋಗಿ ನಿಯಮ ಓದಿ ಹೇಳಲಿಲ್ಲ. ಅಳತೆಯ ಪಟ್ಟಿಯನ್ನು ಮುಂದಿಟ್ಟು, "ನೀವು ನಿಲ್ಲುವ ಜಾಗ ಇದು, ಸರ್. ಮೇಲಿಂದ ತೂಗುಬಿಟ್ಟ ಸೀಸದ ಗಾಜನ್ನು ಎಳೆದುಕೊಂಡರೆ ಅಲ್ಲಿನ ದರ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೀವು ಅದನ್ನು ಎಳೆದುಕೊಳ್ಳುತ್ತೀರೋ ಇಲ್ಲವೋ ಎಂಬುದು ಡ್ರಾಯರಿನಲ್ಲಿರುವ ಬ್ಯಾಡ್ಜಿಗೆ ಗೊತ್ತಾಗುವುದಿಲ್ಲ" ಎಂದರು. ಡಾಕ್ಟರು ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಕೇಳಿದ್ದು ಕಣ್ಣಿನ ಬಗ್ಗೆ.

ಕೇಳಬೇಕಾದದ್ದೇ. ಏಪ್ರನ್ ಎದೆಯಿಂದ ಮಂಡಿಯವರೆಗೆ ಕಾಯುತ್ತದೆ, ಕಾಲರ್ ಥೈರಾಯ್ಡನ್ನು ಕಾಯುತ್ತದೆ. ತಲೆ ಬಯಲಲ್ಲಿರುತ್ತದೆ. ಹೃದಯದ ಕೆಲಸ ಮಾಡುವವರ ಎಡಗಡೆ ಟ್ಯೂಬಿನತ್ತ ಇರುವುದರಿಂದ ಎಡಗಣ್ಣಿಗೆ ಪಾಲು ಹೆಚ್ಚು. ಕಣ್ಣಿನ ಮಸೂರಕ್ಕೆ ಹಿಂದೆ ವರ್ಷಕ್ಕೆ 150 ಮಿಲಿಸೀವರ್ಟ್ ಮಿತಿ ಎಂದಿದ್ದದ್ದನ್ನು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ ಐದು ವರ್ಷಗಳ ಸರಾಸರಿ 20ಕ್ಕೆ ಇಳಿಸುವಂತೆ ಶಿಫಾರಸು ಮಾಡಿತು, ಏಕೆಂದರೆ ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಮಸೂರದ ಹಿಂಬದಿಯಲ್ಲಿ ಪೊರೆ ಕಾಣಿಸುತ್ತಿತ್ತು. ಏಪ್ರನ್ನಿನ ಒಳಗಿರುವ ಬ್ಯಾಡ್ಜ್ ಕಣ್ಣಿನ ಲೆಕ್ಕ ಹೇಳಲಾರದು. ಇಷ್ಟು ವರ್ಷ ನಾವು ಕಾಪಾಡಿಕೊಂಡ ಭಾಗವನ್ನೇ ಅಳೆದುಕೊಂಡು ಬಂದಿದ್ದೇವೆ, ಬಯಲಿಗೆ ಬಿಟ್ಟದ್ದನ್ನು ಅಳೆದೇ ಇಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ.

ಆಮೇಲಿನ ಬದಲಾವಣೆಗಳು ದೊಡ್ಡವೇನಲ್ಲ. ಏಪ್ರನ್ ಸ್ಟ್ಯಾಂಡ್ ಬಾಗಿಲಿನ ಹೊರಗೆ ಹೋಯಿತು, ಪಕ್ಕದಲ್ಲಿ ಹೆಸರು ಬರೆದ ಬ್ಯಾಡ್ಜ್ ಹಲಗೆ ಬಂತು. ಏಪ್ರನ್ನುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ ಫ್ಲೋರೋದಲ್ಲಿ ನೋಡಿದೆವು. ಮಡಚಿ ಕುರ್ಚಿಯ ಮೇಲೆ ಎಸೆಯುತ್ತಿದ್ದ ಒಂದರ ಸೊಂಟದ ಬಳಿ ಬಿರುಕು ಬೆಳಕಿನ ಗೆರೆಯಾಗಿ ಕಂಡಿತು. ಅದನ್ನು ತೊಡುತ್ತಿದ್ದ ಹುಡುಗ ಮುಖ ಸಣ್ಣದು ಮಾಡಿಕೊಂಡ. ಯಂತ್ರದ ಇಂಜಿನಿಯರ್ ಬಂದಾಗ ಫ್ಲೋರೋವನ್ನು ಸೆಕೆಂಡಿಗೆ 15 ಚಿತ್ರಗಳಿಂದ 7.5ಕ್ಕೆ ಇಳಿಸಿ ಇಟ್ಟರು. ಚಿತ್ರ ಕುಣಿಯುತ್ತದೆ ಎಂದು ಡಾಕ್ಟರು ಒಂದು ವಾರ ಗೊಣಗಿದರು. ನಂತರ ಮರೆತರು. ಬಲೂನ್ ಉಬ್ಬಿಸಿದ್ದನ್ನು ದಾಖಲಿಸಲು ಸಿನೆ ಬೇಡ, ಕೊನೆಯ ಫ್ಲೋರೋ ತುಣುಕನ್ನೇ ಉಳಿಸಿಕೊಂಡರೆ ಸಾಕು ಎಂಬುದಕ್ಕೂ ಒಪ್ಪಿದರು. ಸಿನೆ ಓಡುವಾಗ ತಲೆಯ ಬಳಿಯ ಸಿಸ್ಟರ್ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. "ಸಿನೆ" ಎಂದು ಡಾಕ್ಟರು ಗಟ್ಟಿಯಾಗಿ ಹೇಳಿಯೇ ಒತ್ತುತ್ತಾರೆ. ಆ ಎರಡು ಹೆಜ್ಜೆಗೆ ಖರ್ಚಿಲ್ಲ, ಟೆಂಡರ್ ಇಲ್ಲ, ಆದ್ದರಿಂದ ಅದು ಬೇಗ ಜಾರಿಯಾಯಿತು. ಸೀಸದ ಕನ್ನಡಕಕ್ಕೆ ಟೆಂಡರ್ ಬೇಕಿತ್ತು.

ಮುಂದಿನ ವರದಿಯಲ್ಲಿ ಹಿರಿಯ ಸಿಸ್ಟರ್ ಹೆಸರಿನ ಎದುರು 0.15. ಡಾಕ್ಟರ ಹೆಸರಿನ ಎದುರು, ಮೊದಲ ಬಾರಿಗೆ, ಸೊನ್ನೆಯಲ್ಲದ ಅಂಕಿ: 0.6. ಕಿರಿಯ ವೈದ್ಯರಿಬ್ಬರಿಗೂ ಸ್ವಲ್ಪ ಸ್ವಲ್ಪ ಬಂದಿತ್ತು. ಸಿಸ್ಟರ್ ಪ್ರಕರಣ ಬಿಟ್ಟು ನೋಡಿದರೆ ಇಡೀ ವಿಭಾಗದ ಮೊತ್ತ ಹಿಂದಿನ ಅವಧಿಗಿಂತ ಏರಿತ್ತು. ಇಷ್ಟೆಲ್ಲ ಕ್ರಮ ಕೈಗೊಂಡ ಮೇಲೂ ವಿಕಿರಣ ಹೆಚ್ಚಿದ್ದೇಕೆ ಎಂದು ಆಡಳಿತ ಕಚೇರಿಯಿಂದ ಲಿಖಿತ ಪ್ರಶ್ನೆ ಬಂತು. ವಿಕಿರಣ ಹೆಚ್ಚಿಲ್ಲ, ಬ್ಯಾಡ್ಜುಗಳು ಈಗ ಕೋಣೆಯೊಳಗಿನ ಮನುಷ್ಯರ ಮೈಮೇಲಿವೆ ಎಂದು ಮೇಡಂ ಎರಡು ಸಾಲಿನಲ್ಲಿ ಉತ್ತರ ಬರೆದು, ಕೆಳಗೆ ಕನ್ನಡಕದ ಕಡತ ಎಲ್ಲಿಗೆ ಬಂತು ಎಂದು ಕೇಳಿ, ಡಾಕ್ಟರಿಗೆ ಮಣಿಕಟ್ಟಿನ ಬ್ಯಾಡ್ಜ್ ತರಿಸುವ ಅರ್ಜಿಯನ್ನೂ ಅದಕ್ಕೇ ಲಗತ್ತಿಸಿ ನನ್ನ ಕೈಗೆ ಕೊಟ್ಟರು.